ವರಪೂಜೆಗೆ ಉಟ್ಟ ಪಂಚೆ

ಅವತ್ತು ಬೆಳಗ್ಗೆ ಒಲೆಯ ಬೂದಿ ತೆಗೆದೆ, ಹಾಲು ಕಾಯಿಸಿದೆ, ಅಮ್ಮನ ಸೀರೆ ಮಡಚಿ ಟ್ರಂಕಿಗಿಟ್ಟೆ, ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ ತಮ್ಮನ ಪ್ಯಾಂಟಿಗೆ ಗೆರೆ ಕೂರಿಸಿದೆ. ಸಂಜೆ ಶಿವಮೊಗ್ಗದಲ್ಲಿ, ಹೆಣ್ಣಿನ ಮನೆಯಲ್ಲಿ, ಅವನ ವರಪೂಜೆ. ಮರುದಿನ ಧಾರೆ.

ಪ್ಯಾಂಟು ನೋಡಿ ಅಮ್ಮ ಕೆರಳಿದಳು. “ಮದುವೆಗಂಡು ಪಂಚೆ ಉಡದೆ ಹಸೆಮಣೆ ಮೇಲೆ ಕೂರ್ತಾನೇನೆ?”

“ಕಾಲು ಕಾಣ್ಸುತ್ತಲ್ಲಮ್ಮಾ,” ಅಂದ ತಮ್ಮ.

ಭದ್ರಾವತಿಯಲ್ಲಿ ಕುಲುಮೆಯ ಹತ್ತಿರ ಅವನಿಗೆ ಕೆಲಸ. ಹಿಂದಿನ ವರ್ಷ ಕಾದ ಕಬ್ಬಿಣ ಸಿಡಿದು ಎಡಗಾಲು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಸುಟ್ಟಿತ್ತು. ಗಾಯ ಮಾಗಿದರೂ ಚರ್ಮ ಕೆಂಪಗೆ ಸುಕ್ಕುಗಟ್ಟಿಕೊಂಡೇ ಉಳಿಯಿತು. ಹೆಣ್ಣು ನೋಡಲು ಹೋದಾಗ ಪ್ಯಾಂಟು, ಬೂಟು; ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಹುಡುಗಿಯನ್ನು ಮಾತ್ರ ನಡೆಸಿ, ಜಡೆ ಬಿಚ್ಚಿಸಿ ನೋಡಿದ್ದೆವು.

“ಹಿಮ್ಮಡಿ ಮುಚ್ಚೋ ಹಾಗೆ ಇಳಿಬಿಟ್ಟು ಉಡಿಸ್ತೀನಿ, ಸುಮ್ನಿರೋ ಮಾರಾಯ,” ಅಂದೆ.

ಬಸ್ಸು ಮಾಚೇನಹಳ್ಳಿ ದಾಟುತ್ತಿತ್ತು. ಮದುವೆ ಮುರಿದರೆ ವಾಪಸು ಬರುವ ದಾರಿಯೂ ಇದೇ ತಾನೆ ಅನಿಸಿತು.

ಪಂಚೆಯ ಬಗ್ಗೆ ಅಷ್ಟೆಲ್ಲ ಯೋಚಿಸಿದ ನಮಗೆ ಮುಖ್ಯವಾದದ್ದೇ ಮರೆತಿತ್ತು. ವರಪೂಜೆಯಲ್ಲಿ ಹೆಣ್ಣಿನ ತಂದೆ ಅಳಿಯನ ಕಾಲು ತೊಳೆಯುತ್ತಾರೆ. ಹಿತ್ತಾಳೆ ತಟ್ಟೆ ಬಂತು. “ಪಂಚೆ ಸ್ವಲ್ಪ ಎತ್ಕೊಳಪ್ಪ,” ಅಂದರು ಪುರೋಹಿತರು. ತಮ್ಮ ನನ್ನ ಮುಖ ನೋಡಿದ. ಆಮೇಲೆ ಎತ್ತಿದ.

ನೀರು ಸುರಿಯುತ್ತಿದ್ದ ಬೀಗಿತ್ತಿಯ ಕೈ ಅಲ್ಲೇ ನಿಂತಿತು. ಹುಡುಗಿಯ ಸೋದರತ್ತೆ ಹಿಂದಿನಿಂದ, “ನಮ್ಮ ಹುಡುಗಿ ಜಡೆ ಬಿಚ್ಚಿಸಿ ನೋಡಿದ್ರಿ. ನಿಮ್ಮ ಹುಡುಗನ ಕಾಲು ಮಾತ್ರ ಗೋಷಾದಲ್ಲಿತ್ತಾ?” ಅಂದರು. ಯಾರೋ ಕಿಸಕ್ಕೆಂದರು. ಅಮ್ಮ ಸೆರಗಿನ ತುದಿ ಹಿಡಿದು ಹಿಂಡುತ್ತಿದ್ದಳು.

ಬೀಗರು ಎದ್ದರು. “ಮಗಳನ್ನ ಒಂದ್ಮಾತು ಕೇಳ್ಬರ್ತೀನಿ,” ಎಂದು ಒಳಗೆ ಹೋದರು. ಮಗಳನ್ನು ಕೇಳುವ ತಂದೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಮ್ಮ ಒದ್ದೆ ಕಾಲನ್ನು ತಟ್ಟೆಯಲ್ಲಿಟ್ಟುಕೊಂಡು ಕೂತೇ ಇದ್ದ.

ಬೀಗರು ಬಂದು ಮತ್ತೆ ಕುಕ್ಕರಗಾಲಲ್ಲಿ ಕೂತರು. “ಈಗ್ಲೂ ನೋಯುತ್ತಾ ಅಂತ ಕೇಳ್ತಿದಾಳೆ.”

“ಚಳಿಗೆ ಸ್ವಲ್ಪ ಸೆಳೆಯುತ್ತೆ, ಮಾವ.”

“ಲೇ, ಬಿಸಿನೀರು ತಗೊಂಬಾ,” ಎಂದು ಹೆಂಡತಿಗೆ ಹೇಳಿ ಅವರು ಎಡಗಾಲನ್ನು ಕೈಗೆತ್ತಿಕೊಂಡರು.

ಊಟಕ್ಕೆ ಕುಂಬಳಕಾಯಿ ಹುಳಿ, ಹಪ್ಪಳ, ಶಾವಿಗೆ ಪಾಯಸ. ಬೆಳಗಿನಿಂದ ಏನೂ ಸೇರದಿದ್ದ ನಾನು ಎರಡನೇ ಸಲ ಅನ್ನ ಹಾಕಿಸಿಕೊಂಡೆ. ನಮಗೆಂದು ಬಿಟ್ಟುಕೊಟ್ಟಿದ್ದ ಮನೆಯಲ್ಲಿ ನಾನು ಚಾಪೆ ಬಿಡಿಸುವಷ್ಟರಲ್ಲಿ ಅಮ್ಮ ಗೋಡೆಗೊರಗಿ ನಿದ್ದೆ ಹೋಗಿದ್ದಳು.