ಹವಾಯಿಯಿಂದ ಬಂದ ಮುಂಗುಸಿ

ಸ್ಯಾನಿಟೈಸರಿನ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗಬಹುದು, ನನಗೆ ಹೆಬ್ಬಾತು ನೆನಪಾಗುತ್ತದೆ. ಕೊರೋನಾ ಕಾಲದಲ್ಲಿ ಹಾಲಿನ ಡಬ್ಬವನ್ನೂ ಬಿಡದೆ ಒರೆಸುತ್ತಿದ್ದ ಅಪ್ಪ, ಅಮ್ಮನ ಕಾಲೇಜು ಗೆಳತಿ ಹವಾಯಿಯಿಂದ ನನಗೆ ಕಳಿಸಿದ ಚಿತ್ರಪುಸ್ತಕವನ್ನೂ ಒಂದೊಂದು ಪುಟವಾಗಿ ಒರೆಸಿ, ಪರದೇಶದ ನೇಸ್ ಎಂಬ ಊರಿನ ನಮ್ಮ ಬಾಡಿಗೆ ಮನೆಯಲ್ಲಿ, ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಒಣಹಾಕಿದ್ದರು. ಹಪ್ಪಳದ ಹಾಗೆ ಸೊಟ್ಟಗಾದ ಆ ಪುಟಗಳಿಂದ ವಾಸನೆ ಕೊನೆಯವರೆಗೂ ಹೋಗಲಿಲ್ಲ. ನಾನಾಗ ಚಿಕ್ಕವಳು. ಶಾಲೆಯಿಲ್ಲ, ಹೊರಗೆ ಆಟವಿಲ್ಲ; ಇದ್ದದ್ದು ಆ ಪುಸ್ತಕ, ಮತ್ತು ಅದನ್ನು ಕನ್ನಡದಲ್ಲಿ ಹೇಳುವ ಅಪ್ಪ.

ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. ತಾಯಿ ಮೇಕೆ ಮೇಯಲು ಹೋದಾಗ ತೋಳ ಬಂದು ಅಮ್ಮನ ಹಾಗೆ ಕರೆಯುತ್ತದೆ, ಮರಿಗಳು ಬಾಗಿಲು ತೆಗೆಯಬೇಕೋ ಬೇಡವೋ ಎಂದು ಒದ್ದಾಡುತ್ತವೆ. ಹವಾಯಿಯಲ್ಲಿ ತೋಳವಿಲ್ಲವಂತೆ. ಹಾಗಾಗಿ ಅಲ್ಲಿ ಕೊರಳಿಗೆ ಹೂಮಾಲೆ ಹಾಕಿಕೊಂಡ ತಾಯಿ ಹೆಬ್ಬಾತು, ಲಾವಾದ ಕಪ್ಪು ಕಲ್ಲುಗಳ ನಡುವೆ ಹುಲ್ಲಿನ ಗುಡಿಸಲು, ಅವಳು ತರಲು ಹೋದದ್ದು ಕೆಂಪು ಕೆಂಪು ಹಣ್ಣು. ಬಾಗಿಲಿಗೆ ಬಂದದ್ದು ಮುಂಗುಸಿ. ಅಮ್ಮನೇ ಹೌದೋ ಅಲ್ಲವೋ ತಿಳಿಯಲು ಮರಿಗಳು "ಕಾಲು ತೋರಿಸು" ಎನ್ನುತ್ತವೆ. ಅಪ್ಪ ಎಡವಿದ್ದು ಇಲ್ಲೇ. ಮುಂಗುಸಿ ಎದುರಾದರೆ ಶುಭ ಎನ್ನುವ ಮೈಸೂರಿನ ಮನೆಯಲ್ಲಿ ಬೆಳೆದವರು, ತೊಟ್ಟಿಲ ಮಗುವನ್ನು ಹಾವಿನಿಂದ ಉಳಿಸಿದ ಮುಂಗುಸಿಯ ಕಥೆ ಕೇಳಿ ಅತ್ತವರು. ಅದನ್ನು ಕೆಟ್ಟದ್ದು ಎನ್ನಲು ಅವರಿಗೆ ಬಾಯಿ ಬರಲಿಲ್ಲ. "ಪಾಪ, ಅದು ಕಾವಲಿಗೆ ಬಂದಿರೋದು ಕಣೇ" ಎಂದು ಕಥೆಯನ್ನೇ ತಿರುಗಿಸಿದರು. ಚಿತ್ರದಲ್ಲಿ ಅದರ ಹಲ್ಲು ನೋಡಿದ್ದ ನಾನು "ನೋ ಅಪ್ಪಾ, ಹೀ ಈಟ್ಸ್ ದೆಮ್!" ಎಂದು ಜಗಳಕ್ಕೆ ನಿಲ್ಲುತ್ತಿದ್ದೆ.

ಆ ಜಗಳ ನಡೆದಿರುವಾಗಲೇ, ಡಾಕ್ಟರಾಗಿದ್ದ ಅಮ್ಮ ಒಂದು ಸಂಜೆ ಕೆಲಸದಿಂದ ಜ್ವರ ಹೊತ್ತು ಬಂದು, ನನ್ನನ್ನು ಮುಟ್ಟದೆ ಮಹಡಿಯ ಕೋಣೆ ಸೇರಿಕೊಂಡಳು. ಅಪ್ಪ ಬಾಗಿಲ ಮುಂದೆ ಗಂಜಿ ಇಟ್ಟು ಬಂದು, ಆಕ್ಸಿಜನ್ ಎಷ್ಟಿದೆ ಎಂದು ಫೋನಿನಲ್ಲಿ ಕೇಳುತ್ತಿದ್ದರು. ನಾನು ಕೇಳಿದರೆ, ಚೆನ್ನಾಗಿದ್ದಾಳೆ ಎನ್ನಲು ಅಲ್ಲಿನವರು ಹೇಳುವ ಹಾಗೆ, "ಅಮ್ಮ ಗ್ರ್ಯಾಂಡ್ ಆಗಿದಾಳೆ" ಎನ್ನುತ್ತಿದ್ದರು. ಅವರ ಮುಖ ಬೇರೆಯೇ ಹೇಳುತ್ತಿತ್ತು. ಒಂದು ಬೆಳಿಗ್ಗೆ ಕೋಣೆಯೊಳಗಿಂದ "ಪುಟ್ಟೀ, ತಿಂಡಿ ಆಯ್ತಾ?" ಎಂದು ಯಾರೋ ಕೇಳಿದರು. ಒರಟು, ಒಡೆದ ದನಿ. "ದಟ್ಸ್ ನಾಟ್ ಅಮ್ಮಾ!" ಎಂದು ಕಿರುಚಿದೆ. ಗಂಟಲು ಕಟ್ಟಿದೆ ಅಷ್ಟೇ ಎಂದು ಎಷ್ಟು ಹೇಳಿದರೂ ನಾನು ಕೇಳದಿದ್ದಾಗ ಅಪ್ಪ ಸೋತು, "ಮುಂಗುಸಿನೇ ಇರ್ಲಿ ಬಿಡು, ಒಳ್ಳೇ ಮುಂಗುಸಿ, ಅಮ್ಮನ್ನ ಕಾಯ್ತಾ ಇದೆ" ಎಂದುಬಿಟ್ಟರು. ಒಳ್ಳೆಯದೋ ಕೆಟ್ಟದ್ದೋ, ಒಳಗೆ ಮುಂಗುಸಿ ಇರುವುದಂತೂ ಖಾತ್ರಿಯಾಯಿತಲ್ಲ! ಅಂದು ನಾನು ಒಂದು ತುತ್ತೂ ತಿನ್ನಲಿಲ್ಲ.

ಕೊನೆಗೆ ಅಪ್ಪ ಮೆಟ್ಟಿಲ ಬುಡದಲ್ಲಿ ನನ್ನನ್ನು ಹಿಡಿದುಕೊಂಡು ನಿಂತರು. ಇಂಗ್ಲಿಷ್ ಬಿಟ್ಟು ಮಾತೇ ಬಾರದವಳು "ಕಾಲ್ ತೋರ್ಸು!" ಎಂದು ಕನ್ನಡದಲ್ಲೇ ಕೂಗಿದೆ. ಬಾಗಿಲು ಒಂದಿಷ್ಟೇ ತೆರೆಯಿತು. ಕೆಮ್ಮು ಕೇಳಿಸಿತು, ಚೌಕಟ್ಟು ಹಿಡಿದ ಬೆರಳುಗಳು ಕಂಡವು, ಆಮೇಲೆ ನಿಧಾನವಾಗಿ ಒಂದು ಪಾದ ಹೊರಗೆ ಬಂತು. ಚಳಿಗೆ ಒಡೆದ ಹಿಮ್ಮಡಿ, ಸವೆದ ಕಾಲುಂಗುರ. ಅಬ್ಬಾ! ನಾನು ನಿಂತಲ್ಲೇ ಕುಣಿದೆ. ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತು, ಬಿಕ್ಕಿ ಬಿಕ್ಕಿ ಅತ್ತರು. ಅವರಿಗೂ ಅಷ್ಟು ದಿನ ಅವಳು ಬರೀ ದನಿಯಾಗಿದ್ದಳು. ಕಣ್ಣಾರೆ ಕಂಡದ್ದು ಆಗಲೇ.

ಅಮ್ಮ ಹುಷಾರಾದಳು. ನಾವು ಬ್ಯಾಲಿನ್‌ಕೊಲಿಗ್ ಎಂಬ ಇನ್ನೊಂದು ಊರಿಗೆ ಬಂದೆವು, ಪುಸ್ತಕ ಎಲ್ಲೋ ಹೋಯಿತು, ಆ ಮನೆಯಲ್ಲಿ ಈಗ ಇನ್ಯಾರೋ ಇದ್ದಾರೆ. ಅಪ್ಪನಿಂದ ಕಥೆ ಕೇಳುವವರೂ ಈಗ ಯಾರೂ ಇಲ್ಲ. ಬಿಟ್ಟುಬಂದ ಅಂಥ ಮನೆ ನಿಮಗೂ ಒಂದಿರಬಹುದು. ಅಮ್ಮನ ಗಂಟಲು ಮಾತ್ರ ಮೊದಲಿನಂತಾಗಲೇ ಇಲ್ಲ. ಆ ಜ್ವರಕ್ಕೆ ಮುಂಚೆ ಅವಳ ದನಿ ಹೇಗಿತ್ತೆಂದು ಎಷ್ಟು ತಿಣುಕಿದರೂ ನನಗೆ ನೆನಪಾಗುವುದಿಲ್ಲ. ರಜೆಯ ದಿನ ಬೆಳಿಗ್ಗೆ ಅಡುಗೆಮನೆಯಿಂದ ಆ ಒರಟು ದನಿ "ಏಳೇ, ತಿಂಡಿ ಆರ್ತಾ ಇದೆ" ಎನ್ನುತ್ತದೆ. ನನಗೆ ಗೊತ್ತಿರುವ ಅಮ್ಮ ಅವಳೇ.