ಅಡುಗೆಮನೆಗೆ ಬೀಗ, ಗಂಡಸರಿಗೆ ನಾಟಿ

ಅಂದು ಬೆಳಗ್ಗೆ ನಮ್ಮೆಲ್ಲರ ಅಡುಗೆಮನೆಗೆ ಬೀಗ ಜಡಿದವಳು ನಾನೇ. ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಸೀದಾ ಗದ್ದೆಗೆ ನಡೆದೆ.

ಎಪ್ಪತ್ತರ ದಶಕದ ಕೊನೆ ಇರಬೇಕು. ಸಿರುಗುಪ್ಪ ತಾಲ್ಲೂಕಿನ ದೇಶನೂರಿನ ಹತ್ತಿರ, ಬೇರೆ ಬೇರೆ ಜಾತಿಯ ಏಳೆಂಟು ಕುಟುಂಬಗಳು ಕೂಡಿ ಒಂದೇ ಹೊಲ, ಒಂದೇ ಒಲೆ ಅಂತ ಬದುಕುತ್ತಿದ್ದೆವು. ಕೂಲಿಗೆ ಯಾರನ್ನೂ ಕರೆಯಬಾರದು, ಎಲ್ಲರೂ ಎಲ್ಲ ಕೆಲಸ ಮಾಡಬೇಕು... ಇದು ನಾವೇ ಹಾಕಿಕೊಂಡ ಕಟ್ಟಳೆ.

ಬಳ್ಳಾರಿಯ ಗಾಂಧಿನಗರದಲ್ಲಿ ಬೆಳೆದ ನನಗೆ ಆ ಕಟ್ಟಳೆ ಬಹಳ ಹಿಡಿಸಿತ್ತು. ನಾನು ಮಾಡೋದೂ ಕೆಲಸವೇ ಅಂತ ಒಪ್ಪಿಕೊಂಡ ಮೊದಲ ಜಾಗ ಅದು.

ಆದರೆ ಭತ್ತದ ನಾಟಿ ಬಂತು ನೋಡಿ... ಗಂಡಸರು ನೇಗಿಲು ಹೊಡೆದು, ಕೆಸರು ಹದ ಮಾಡಿ, ಬೇವಿನ ಗಿಡದ ಕೆಳಗೆ ಕೂತುಬಿಟ್ಟರು. ಸಸಿ ಹಚ್ಚೋದು ಹೆಂಗಸರ ಕೆಲಸವಂತೆ!

ನಮ್ಮ ಹೆಂಗಸರಲ್ಲಿ ಅರ್ಧ ಜನ ಅಡುಗೆಗೆ, ಅರ್ಧ ಜನ ಗದ್ದೆಗೆ. ಕಿತ್ತಿಟ್ಟ ಸಸಿ ಬದುವಿನ ಮೇಲೆ ಬಾಡುತ್ತಿತ್ತು, ಕಾಲುವೆ ನೀರಿನ ಪಾಳಿ ಇನ್ನೆರಡೇ ದಿನದಲ್ಲಿ ಮುಗಿಯುತ್ತಿತ್ತು.

ಬೀಗ ಹಾಕುವ ಹಿಂದಿನ ಸಂಜೆ ಸಭೆಯಲ್ಲಿ, ನಮ್ಮಲ್ಲೇ ಹಿರಿಯರಾದ ಮಲ್ಲಣ್ಣಮಾವ, "ಆಂಧ್ರದ ಕಡಿಯಿಂದ ಕೂಲಿ ಮಂದಿ ಕರ್ಸೋಣು. ಆಗಲ್ಲ ಅಂದ್ರ ಹೊಲ ಪಾಲು ಮಾಡ್ಕೊಂಡು ಅವರವರ ಪಾಡಿಗೆ ಅವರು ಇರೋಣು," ಅಂದಿದ್ದರು. ಒಂದಿಬ್ಬರು ಹೌದೆಂದು ತಲೆ ಆಡಿಸಿಯೂ ಬಿಟ್ಟರು.

ಗಂಡಸರು ಸೊಂಟ ಬಗ್ಗಿಸಲಾರರು ಅಂತ, ಇಷ್ಟು ದಿನ ಕಟ್ಟಿದ್ದನ್ನೆಲ್ಲ ಮುರಿಯೋದಾ? ಸಿಟ್ಟು ನೆತ್ತಿಗೇರಿತು, ಅದಕ್ಕೇ ಬೀಗ.

"ನಾವೆಲ್ಲಾ ನಾಟಿಗೆ ಹೊಂಟೀವ್ರಿ. ಗದ್ದಿಗೆ ಇಳಿದೋರಿಗೆ ನಿನ್ನಿ ಮಾಡಿದ ರೊಟ್ಟಿ ಅದಾವು, ಉಳಿದೋರು ನೀವೇ ನೋಡ್ಕೊಳ್ರಿ," ಅಂತ ಬೇವಿನ ಗಿಡದ ಕೆಳಗೆ ಕೂತಿದ್ದ ಗಂಡಸರಿಗೆ ಹೇಳಿದೆ.

ಮೊದಲು ಇಳಿದದ್ದು ನಮ್ಮ ಮನೆಯವರು. ನನ್ನ ಮೇಲಿನ ಪ್ರೀತಿಗಲ್ಲ, ರೊಟ್ಟಿ ಆಸೆಗೆ ಅಂತ ಈಗಲೂ ಕಾಡಿಸುತ್ತೇನೆ. ಅವರ ಹಿಂದೆ ಒಬ್ಬೊಬ್ಬರೇ ಪಂಚೆ ಎತ್ತಿ ಕಟ್ಟಿದರು.

ಊರ ಜನ ಬದುವಿನ ಮೇಲೆ ನಿಂತು ನಗೋದೇ ನಗೋದು. "ಲೇ, ಸೀರಿ ಯಾವಾಗ ಉಡ್ತೀರಲೇ?" ಅಂತ ಒಬ್ಬ ಕೂಗಿದ.

ನಮ್ಮವರ ಮುಖ ಕೆಂಪಗಾಯಿತು... ಸಾಲು ಬೇರೆ ಸೊಟ್ಟಸೊಟ್ಟ. ಆದರೂ ಒಬ್ಬರೂ ಮೇಲೆ ಹತ್ತಲಿಲ್ಲ.

ಮಲ್ಲಣ್ಣಮಾವ ಮಾತ್ರ ಕೂತಲ್ಲಿಂದ ಕದಲಲಿಲ್ಲ. ನಾನು ಸಸಿಯ ಒಂದು ಕಟ್ಟು ತಂದು ಅವರ ಮುಂದಿಟ್ಟೆ.

"ಹೊಲ ಪಾಲು ಮಾಡೋದಾದ್ರ ಮೊದ್ಲು ನಿಮ್ಮ ಪಾಲಿಂದು ಹಚ್ಚಿಬಿಡ್ರಿ ಮಾವ."

ದುರುಗುಟ್ಟಿ ನೋಡಿದರು. ಬೈತಾರೆ ಅಂದುಕೊಂಡೆ. ಟವೆಲ್ ತಲೆಗೆ ಸುತ್ತಿಕೊಂಡು, ಹೆಂಡತಿ ಹುಲಿಗೆಮ್ಮತ್ತೆಯ ಪಕ್ಕ ಬಂದು ಬಗ್ಗಿದರು.

ಮರುದಿನ ಹೊತ್ತು ಇಳಿಯುವಷ್ಟರಲ್ಲಿ, ನೀರು ಇರುವಾಗಲೇ, ಗದ್ದೆಯ ಕೊನೆಯ ಮಡಿಯ ನಾಟಿಯೂ ಮುಗಿಯಿತು. ಪಾಲಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆ ಸಂಜೆ ಇನ್ನೂ ಕಣ್ಣ ಮುಂದಿದೆ... ಮಾವ ಎರಡೂ ಕೈ ಸೊಂಟಕ್ಕೆ ಕೊಟ್ಟು ಮೆಲ್ಲಗೆ ನೆಟ್ಟಗಾಗುತ್ತಾರೆ. ಹಂಗೇ ಅತ್ತೆಯ ಕಡೆ ತಿರುಗುತ್ತಾರೆ.

"ಇಷ್ಟು ವರ್ಷ ನಾಟಿ ಮಾಡಿದಿ, ಸೊಂಟ ನೋಯ್ತೈತಿ ಅಂತ ಒಂದಿನಾನೂ ಅನ್ಲಿಲ್ಲಲ್ಲೇ ನೀನು?"

ಅತ್ತೆ ಕಾಲುವೆಯಲ್ಲಿ ಕೈ ತೊಳೆಯುತ್ತಲೇ ಹೇಳುತ್ತಾಳೆ, "ಅಂದೀನ್ರಿ. ನಿಮಗ ಕೇಳ್ಸಿಲ್ಲ."

ನಿಮ್ಮ ಮನೆಯಲ್ಲೂ ಯಾರಾದರೂ ಅನ್ನುತ್ತಲೇ ಇರಬಹುದು... ನಿಮಗೆ ಕೇಳಿಸುತ್ತಿದೆಯಾ?