ಆಲ್‌ಗೊಯ್ ಇಳಿಜಾರಿನಲ್ಲಿ ಮಹಾಲಿಂಗಪ್ಪ

ಬೈಲಹೊಂಗಲದ ಮಹಾಲಿಂಗಪ್ಪ ಹಿಮ ಕಂಡದ್ದೇ ಜರ್ಮನಿಗೆ ಬಂದ ಮೇಲೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದವನು. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಸಿಂಡೆಲ್‌ಫಿಂಗೆನ್‌ನಲ್ಲಿ ಕಾರುಗಳ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲೇ, ಪಕ್ಕದ ಮೇಜಿನ ಹೈಕೆ ಅವನನ್ನು ಬೆಟ್ಟಕ್ಕೆ ಕರೆದೊಯ್ದಳು. ಜೊತೆಗೆ ಅವನ ರೂಮ್‌ಮೇಟ್, ಮಂಗಳೂರಿನ ಮೆಲ್ವಿನ್ ಕೂಡ. ಸ್ಕೀ ಆಡುವವರನ್ನು ಮೇಲಕ್ಕೊಯ್ಯುವ ಲಿಫ್ಟ್ ಇರುವ ಜಾಗವಲ್ಲ ಅದು. ಸ್ಕೀ ಹಲಗೆಯಡಿಗೆ ಹಿಂದಕ್ಕೆ ಜಾರದಂತೆ ರೋಮದ ಪಟ್ಟಿ ಅಂಟಿಸಿಕೊಂಡು ಕಾಲ್ಬಲದಿಂದಲೇ ಹತ್ತಬೇಕು. ಮೇಲೆ ಪಟ್ಟಿ ಕಿತ್ತು, ಯಾರೂ ತುಳಿಯದ ಹಿಮದಲ್ಲಿ ಜಾರಿ ಇಳಿಯಬೇಕು.

ಮಹಾಲಿಂಗಪ್ಪ ಬೇಕಾದಷ್ಟು ಬಿದ್ದ. ಕಬಡ್ಡಿ ಆಡಿದವನಿಗೆ ಬೀಳುವುದು ಅವಮಾನವಲ್ಲ; ಮೈ ತಾನೇ ಉರುಳಿ ಏಳುತ್ತಿತ್ತು. ಮೂರನೇ ಚಳಿಗಾಲದ ಹೊತ್ತಿಗೆ ಕಡಿದಾದ ಕಡೆಯೂ ಹೈಕೆಯ ಬೆನ್ನಿಗೇ ಇರುತ್ತಿದ್ದ.

ಹೈಕೆಯದು ಒಂದೇ ಕಟ್ಟುನಿಟ್ಟು. ಎಲ್ಲರೂ ಎದೆಗೆ ಬೀಕನ್ ಎಂಬ ಪುಟ್ಟ ರೇಡಿಯೊ ಸಾಧನ ಕಟ್ಟಿಕೊಳ್ಳಬೇಕು, ಕುಸಿದ ಹಿಮದಡಿ ಹೂತುಹೋದವನ ಬೀಕನ್ನಿನ ಸಂಕೇತವನ್ನು ತಮ್ಮದರಿಂದ ಹಿಡಿದು ಹುಡುಕುವುದನ್ನು ಕಲಿತಿರಬೇಕು. ಮೆಲ್ವಿನ್‌ಗೆ ಈ ಅಭ್ಯಾಸವೆಂದರೆ ಆಕಳಿಕೆ. ಮಹಾಲಿಂಗಪ್ಪನಿಗೆ ಅದರದೇ ಹುಚ್ಚು ಹಿಡಿಯಿತು. ಭಾನುವಾರ ಬಂದರೆ ಮನೆಯ ಹಿಂದಿನ ತರಗೆಲೆ ರಾಶಿಯಲ್ಲಿ ಮೆಲ್ವಿನ್ ಬಚ್ಚಿಟ್ಟ ಬೀಕನ್ ಹುಡುಕುತ್ತ ಮಂಡಿಯೂರಿ ಹರಿದಾಡುತ್ತಿದ್ದ. ಬೆಕ್ಕು ಕಳೆದಿದೆಯೇ ಎಂದು ಎದುರುಮನೆಯ ಅಜ್ಜಿ ವಿಚಾರಿಸಿದ್ದೂ ಉಂಟು.

ಆ ಮಾರ್ಚ್‌ನಲ್ಲಿ ಮೂವರೂ ದಕ್ಷಿಣ ಜರ್ಮನಿಯ ಆಲ್‌ಗೊಯ್ ಬೆಟ್ಟಗಳಿಗೆ ಹೋದರು. ಹಿಂದಿನ ದಿನ ಜೋರಾಗಿ ಗಾಳಿ ಬೀಸಿ ಇಳಿಜಾರುಗಳ ಮೇಲೆ ಹಿಮ ಪೇರಿಸಿತ್ತು; ಅದು ಕುಸಿಯುವ ಭಯವಿತ್ತು. ಒಂದು ಅಗಲವಾದ ಇಳಿಜಾರನ್ನು ಒಬ್ಬೊಬ್ಬರಾಗಿ ಅಡ್ಡ ದಾಟುವುದೆಂದು ಮೂವರೂ ಒಪ್ಪಿದರು. ಹೈಕೆ ದಾಟಿ ಆಚೆ ಬಂಡೆಯ ಬಳಿ ನಿಂತಳು. ಮೆಲ್ವಿನ್ ನಟ್ಟನಡುವೆ ತಲುಪಿದಾಗ ನೆಲದೊಳಗಿನಿಂದ ಬಂದಂತೆ ಧಪ್ಪನೆ ಸದ್ದಾಯಿತು. ಇಳಿಜಾರು ಉದ್ದಕ್ಕೂ ಸೀಳಿ, ಹಾಸುಗಲ್ಲಿನಂಥ ಹಿಮದ ತುಂಡುಗಳು ಮೆಲ್ವಿನ್‌ನನ್ನು ಹೊತ್ತುಕೊಂಡು ಕೆಳಗೆ ನುಗ್ಗಿದವು.

ಮಹಾಲಿಂಗಪ್ಪ ಕಣ್ಣು ಮಿಟುಕಿಸಲಿಲ್ಲ. ಮೆಲ್ವಿನ್‌ನ ಕೆಂಪು ಜಾಕೆಟ್ ಒಮ್ಮೆ ಮೇಲೆದ್ದು, ಕೆಳಗಿದ್ದ ಒಂಟಿ ಮರದ ಎಡಕ್ಕೆ ಮುಳುಗಿತು. ಆ ಜಾಗದ ಮೇಲೆಯೇ ದೃಷ್ಟಿ ನೆಟ್ಟ. ಸಹಾಯಕ್ಕೆ ಫೋನ್ ಮಾಡುವುದಾಗಿ ಹೈಕೆ ಆಚೆಯಿಂದ ಕೂಗಿದಳು. ಸುತ್ತಿ ಬರಲು ಅವಳಿಗೆ ಹೊತ್ತು ಹಿಡಿಯುತ್ತಿತ್ತು. ಬೀಳಬೇಕಾದದ್ದೆಲ್ಲ ಬಿದ್ದು, ಮೇಲೆ ಗಟ್ಟಿ ಪದರವಷ್ಟೇ ಉಳಿದಿದೆ ಎಂದು ಖಾತ್ರಿಮಾಡಿಕೊಂಡು ಅವನು ಇಳಿದ. ಹೆದರಿಕೆ ಎಲ್ಲೋ ಹೊರಗೆ ನಿಂತು ಕಾಯುತ್ತಿತ್ತು. ಒಳಗೆ ಬಿಟ್ಟುಕೊಳ್ಳಲು ಪುರುಸೊತ್ತಿರಲಿಲ್ಲ.

ಮರದ ಎಡಕ್ಕೆ ಬಂದಾಗ ಅವನ ಕೈಯಲ್ಲಿದ್ದ ಬೀಕನ್ ಕೂಗತೊಡಗಿತು. ಮಂಡಿಯೂರಿ, ಅದನ್ನು ಹಿಮಕ್ಕೆ ತಾಗಿಸಿ, ಸದ್ದು ಅತಿ ಜೋರಾದಲ್ಲಿ ಉದ್ದನೆಯ ಶೋಧಕ ಕಡ್ಡಿ ಚುಚ್ಚಿದ. ಎರಡು ಸಲ ಬರಿದೇ ಇಳಿಯಿತು. ಮತ್ತೆ ಚುಚ್ಚಿದಾಗ ಮೆತ್ತಗೆ ಏನೋ ತಡೆಯಿತು. ಕಡ್ಡಿಯನ್ನು ಅಲ್ಲೇ ಬಿಟ್ಟು, ಕೆಳಬದಿಯಿಂದ ಸಲಿಕೆಯಲ್ಲಿ ಅಗೆದ. ಹಿಮ ಗಾರೆಯಂತೆ ಗಟ್ಟಿಯಾಗಿತ್ತು. ಮೊದಲು ಸಿಕ್ಕಿದ್ದು ಭುಜ, ಆಮೇಲೆ ಮುಖ. ತುಟಿ ನೀಲಿಯಾಗಿತ್ತು. ಬೆರಳಿನಿಂದ ಬಾಯೊಳಗಿನ ಹಿಮ ತೆಗೆದ ಕೂಡಲೇ ಮೆಲ್ವಿನ್ ಕೆಮ್ಮಿ ಉಸಿರೆಳೆದ.

“ಮಿಸುಕಾಡಬ್ಯಾಡ. ಉಸಿರಾಡು, ಅಷ್ಟ ಸಾಕು. ನಾ ಇಲ್ಲೇ ಅದೀನಿ,” ಎಂದ ಮಹಾಲಿಂಗಪ್ಪ.

ಮೆಲ್ವಿನ್ ಇನ್ನೊಮ್ಮೆ ಕೆಮ್ಮಿ, “ಕಾಲು ಹೋಯ್ತು ಮಾರಾಯ. ಹಲ್ಲು ಎಲ್ಲ ಉಂಟಾ ನೋಡು,” ಎಂದ.

ಹೈಕೆ ತಲುಪಿದಳು, ಹಿಂದೆಯೇ ಹೆಲಿಕಾಪ್ಟರ್ ಬಂತು. ಮೆಲ್ವಿನ್‌ನನ್ನು ಸಾಗಿಸಿದ ಮೇಲೆ, ಕೆಳಗಿನ ಚಾರಣಿಗರ ತಂಗುದಾಣದಲ್ಲಿ ಮಹಾಲಿಂಗಪ್ಪ ಚಹಾ ಮುಟ್ಟದೆ, ಶೋಧಕ ಕಡ್ಡಿಯನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಕೂತ. ಹೈಕೆಯೇ ಕಪ್ಪು ಹಿಡಿದು ಕುಡಿಸಿದಳು.

ಮುರಿದ ಕಾಲು ಕೂಡಿಕೊಂಡಿತು. ಮೆಲ್ವಿನ್ ಆಮೇಲೆ ಲಿಫ್ಟ್ ಇರುವ ಕಡೆಗಷ್ಟೇ ಹೋದ. ಮಹಾಲಿಂಗಪ್ಪನೋ ಮುಂದಿನ ಚಳಿಗಾಲಕ್ಕೆ ಪರ್ವತಾರೋಹಿಗಳ ಸಂಘದಲ್ಲಿ ಹೊಸಬರಿಗೆ ಬೀಕನ್ ಹುಡುಕಾಟ ಕಲಿಸತೊಡಗಿದ. ಕೆಲ ಕಾಲದ ನಂತರ ತಂಡಗಳನ್ನೂ ನಡೆಸಿದ. ಒಮ್ಮೆ ಶಿಖರ ಕೈಗೆಟುಕುವಷ್ಟು ಹತ್ತಿರವಿದ್ದಾಗ, ಕಾಲಡಿಯ ಹಿಮ ಟೊಳ್ಳು ಸದ್ದು ಮಾಡಿತೆಂದು ಹಿಂದಿರುಗಲು ಹೇಳಿದ. ಬವೇರಿಯಾದ ದಢೂತಿ ಆಸಾಮಿಯೊಬ್ಬ ವಾದಕ್ಕಿಳಿದ. ಮಹಾಲಿಂಗಪ್ಪ ಪಟ್ಟಿ ಕಿತ್ತು ಮಡಚಿ, ಸ್ಕೀಯ ಮೂತಿಯನ್ನು ಕಣಿವೆಯ ಕಡೆಗೆ ತಿರುಗಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಹಿಂಬಾಲಿಸಿದರು. ಕಾಡಿನೊಳಗಿನ ಸೌಮ್ಯ ಇಳಿಜಾರಿನಲ್ಲಿ ಹಿಮ ಹಿಟ್ಟಿನಂತೆ ಹಗುರವಾಗಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ವಾದಿಸಿದವನೇ ಎಲ್ಲರಿಗಿಂತ ಜೋರಾಗಿ ಕೇಕೆ ಹಾಕುತ್ತಿದ್ದ.